ರಸ್ತೆ ಮೇಲಿನ ಚಪ್ಪಲಿ

ಬೇಲೆಕೇರಿಯಲ್ಲಿ ದೋಣಿಯ ಇಂಜಿನ್‌ಗಳನ್ನೂ ಕಾರುಗಳನ್ನೂ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಅವರು. ಯಾರು ಏನೇ ಕೇಳಿದರೂ ಮೊದಲ ಮಾತು ಒಂದೇ: “ಮೊದ್ಲು ನಿಲ್ಲೂದು ನೋಡ್ವ.”

ನಾನು ಅವರ ಬಳಿ ಒಯ್ದದ್ದು ನನ್ನ ಮೊದಲ ಕಾರು, ಅದೂ ಹಳೆಯ ಸ್ಪೋರ್ಟ್ಸ್ ಕಾರು. ಕಾರು ಇನ್ನೂ ಜೋರಾಗಿ ಓಡಲೆಂದು ಟರ್ಬೊ, ಹೊಸ ಸೈಲೆನ್ಸರ್ ಎಂದೆಲ್ಲ ನಾನು ಬರೆದು ತಂದ ಪಟ್ಟಿಯನ್ನು ಅವರು ಓದದೆ ಜೇಬಿಗಿಳಿಸಿದರು. ಹಾರವಾಡದ ಖಾಲಿ ರಸ್ತೆಯಲ್ಲಿ ಗೆರೆ ಎಳೆದು, ಅದರಾಚೆ ತಮ್ಮದೊಂದು ಚಪ್ಪಲಿ ಇಟ್ಟರು. ಗೆರೆಯಲ್ಲಿ ಬ್ರೇಕ್ ಒತ್ತಬೇಕು, ಕಾರು ಚಪ್ಪಲಿ ಮುಟ್ಟಬಾರದು.

ನಾನು ಗೆರೆಯಲ್ಲೇ ಬ್ರೇಕ್ ಒತ್ತಿದರೂ ಕಾರು ಚಪ್ಪಲಿಯನ್ನು ದಾಟಿಯೇ ನಿಂತಿತು. ಅವರು ಹೆಜ್ಜೆ ಹಾಕಿ ಅಳೆದರು. “ಒಂದು ದೋಣಿ ಉದ್ದ ಹೆಚ್ಚಾಯ್ತು.”

ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ಬ್ರೇಕ್ ಪೈಪು, ಸವೆದ ಟಯರು ಬದಲಾದವು. ಮತ್ತೆ ಅದೇ ರಸ್ತೆ. ಈ ಸಲ ಕಾರು ಚಪ್ಪಲಿಗಿಂತ ಗೇಣು ಹಿಂದೆಯೇ ನಿಂತಿತು.

ಅವರು ಚಪ್ಪಲಿ ಮೆಟ್ಟಿ, ಜೇಬಿನಿಂದ ನನ್ನ ಪಟ್ಟಿ ತೆಗೆದು ಬಾನೆಟ್ ಮೇಲೆ ಹರಡಿದರು.

“ಈಗ ಓದು ತಂಗಿ. ಇನ್ನು ಓಡೂದು ನೋಡ್ವ.”