ಹನುಮಂತರಾಜು ಆರಿಸಿದ ಚಾಕು

ನಮ್ಮ ಹೈಸ್ಕೂಲಿನಲ್ಲಿ ಯಾರೇ ನಿವೃತ್ತರಾಗಲಿ, ಅವರಿಗೆ ಉಡುಗೊರೆ ಆರಿಸುವವನು ಅಟೆಂಡರ್ ಹನುಮಂತರಾಜು. ಆ ಕೆಲಸವನ್ನು ಅವನಿಗೆ ಯಾರೂ ವಹಿಸಿದ್ದಲ್ಲ. ತಾನಾಗಿಯೇ ತಲೆಮೇಲೆ ಹಾಕಿಕೊಂಡದ್ದು. ನನಗಿಂತ ಚಿಕ್ಕವನು, ತಮ್ಮನ ಹಾಗೆ. ಅದಕ್ಕೇ ಈ ಏಕವಚನ.

ಕುಣಿಗಲ್ ಕೆರೆಯ ಕಡೆಗಿರುವ ಅನುದಾನಿತ ಶಾಲೆ ನಮ್ಮದು. ಇಲ್ಲಿ ವರ್ಗಾವಣೆ ಇಲ್ಲ. ಕಪ್ಪು ಕೂದಲಲ್ಲಿ ಬಂದವರು ಬಿಳಿ ಕೂದಲಲ್ಲಿ ಹೋಗುತ್ತಾರೆ. ನಾನು ಇಲ್ಲಿ ಗಣಿತದ ಮೇಡಂ. ನನಗೆ ಬಿಟ್ಟಿದ್ದರೆ ಎಲ್ಲರಿಗೂ ಒಂದೊಂದು ಗೋಡೆ ಗಡಿಯಾರ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ಹನುಮಂತರಾಜು ಆ ಜಾತಿ. ಸಂಸ್ಕೃತ ಪಂಡಿತರಿಗೆ ಬೆನ್ನುನೋವೆಂದು ಬೆತ್ತದ ಕುರ್ಚಿ ಹುಡುಕಿ ತಂದ. ತೋಟದ ಮನೆಗೆ ಹೋಗಲಿದ್ದ ಗುಮಾಸ್ತರಿಗೆ ದೊಡ್ಡ ಟಾರ್ಚು ಕೊಡಿಸಿದ. ಪಡೆದವರೆಲ್ಲ ಅವನನ್ನು ಬಾಯ್ತುಂಬ ಹೊಗಳಿ ಹೋದರು. ಹೋದವರು ತಿರುಗಿ ಬರಲಿಲ್ಲ.

ಈ ವರ್ಷ ಡ್ರಿಲ್ ಮೇಷ್ಟ್ರು ಅಂಜನಮೂರ್ತಿಯವರ ಸರದಿ ಬಂತು. ಇವರಿಬ್ಬರ ಸ್ನೇಹವನ್ನು ಏನೆಂದು ಹೇಳಲಿ. ಊಟದ ಬೆಲ್ ಆದ ಕೂಡಲೇ ಆಟದ ಸಾಮಾನಿನ ಕೋಣೆಯಲ್ಲಿ ಇಬ್ಬರೂ ಬುತ್ತಿ ಬಿಚ್ಚಬೇಕು. ಮೇಷ್ಟ್ರು ಜೇಬಿನಿಂದ ಮರದ ಹಿಡಿಯ ಮಡಚುವ ಚಾಕು ತೆಗೆದು ಸೌತೆಕಾಯಿಯನ್ನೋ ಸೀಬೆಕಾಯಿಯನ್ನೋ ಹೆಚ್ಚಬೇಕು, ಅರ್ಧ ಇವನಿಗೆ ಕೊಡಬೇಕು. ಮಾತು ಕಡಿಮೆ. ನಾವು ಸ್ಟಾಫ್ ರೂಮಿನಲ್ಲಿ ಊರೆಲ್ಲರ ವಿಷಯ ಆಡಿ ಮುಗಿಸುವಷ್ಟರಲ್ಲಿ ಅವರಿಬ್ಬರೂ ಆಡುತ್ತಿದ್ದದ್ದು ಸೌತೆಕಾಯಿ ಕಹಿಯೋ ಅಲ್ಲವೋ ಎಂಬುದಷ್ಟೇ. ಆ ಚಾಕು ಹೋದ ವರ್ಷ ಬೆಂಗಳೂರಿನ ಯಾವುದೋ ಮಾಲ್‌ನ ಬಾಗಿಲಲ್ಲಿ ಸೆಕ್ಯೂರಿಟಿಯವರ ಪಾಲಾಯಿತು. ಅಂದಿನಿಂದ ಮೇಷ್ಟ್ರು ಸೌತೆಕಾಯಿಯನ್ನು ಹಲ್ಲಲ್ಲಿ ಕಚ್ಚಿ ತಿನ್ನುತ್ತಿದ್ದರು. ಅರ್ಧ ಕೊಡುವ ಪದ್ಧತಿ ನಿಂತುಹೋಗಿತ್ತು.

ನಿವೃತ್ತಿಯಾದ ಮೇಲೆ ಅವರು ಕುಣಿಗಲ್ಲಿನ ಬಾಡಿಗೆ ಮನೆ ಬಿಟ್ಟು ಗುಬ್ಬಿ ಸೇರುತ್ತಾರೆ ಎಂದು ಗೊತ್ತಾಯಿತು. ಗುಬ್ಬಿಯೇನು ದೇಶಾಂತರವಲ್ಲ, ತುಮಕೂರಲ್ಲಿ ಬಸ್ಸು ಬದಲಾಯಿಸಿದರೆ ಮುಗಿಯಿತು. ಆದರೂ ಯಾರೂ ಹೋಗುವುದಿಲ್ಲ. ನಾನೂ ಹೋಗುವುದಿಲ್ಲ. ಸುಮ್ಮನೆ ಸುಳ್ಳೇಕೆ ಹೇಳಲಿ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತುಮಕೂರಿಗೆ ಹೊರಟಿದ್ದೆ. ಹನುಮಂತರಾಜು ಅದೇ ಬಸ್ಸು ಹತ್ತಿದ. ಮಂಡಿಪೇಟೆಯಲ್ಲಿ ಚಾಕು ನೋಡಬೇಕು, ನೀವೂ ಬನ್ನಿ ಎಂದ. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ ಬರುತ್ತದಲ್ಲೋ ಎಂದೆ. ಬಿಚ್ಚಿ ಮಡಚಿ ನೋಡದೆ ಚಾಕು ಕೊಳ್ಳುವವರು ಉಂಟೇ ಎಂದು ನನ್ನನ್ನೇ ಕೇಳಿದ.

ಮಕ್ಸೂದ್ ಸಾಹೇಬರದು ಕತ್ತರಿ, ಮಚ್ಚು, ಈಳಿಗೆಮಣೆ ಮಾರುವ ಹಳೆಯ ಅಂಗಡಿ. ಅವರು ಗಾಜಿನ ಪೆಟ್ಟಿಗೆಯಿಂದ ಮಡಚುವ ಚಾಕುಗಳನ್ನೆಲ್ಲ ತೆಗೆದು ಹರಡಿದರು. ಪ್ಲಾಸ್ಟಿಕ್ ಹಿಡಿಯವನ್ನು ಇವನು ಮುಟ್ಟಲೂ ಇಲ್ಲ. ಮರದ ಹಿಡಿಯವುಗಳಲ್ಲಿ ಒಂದರ ಅಲಗು ಅಲುಗಾಡುತ್ತಿತ್ತು. ಇನ್ನೊಂದಕ್ಕೆ ಪಾಲಿಶ್ ಜಾಸ್ತಿ, ಬೆವರಿದ ಕೈಯಲ್ಲಿ ಜಾರುತ್ತದೆ ಎಂದ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು, ಬಲಗೈ ಹೆಬ್ಬೆರಳನ್ನು ಅಲ್ಲಾಡದಂತೆ ಬಿಗಿದು ಕಟ್ಟಿಕೊಂಡ. ಕೈಗೆ ಏನಾಯಿತು ಎಂದು ಸಾಹೇಬರು ಗಾಬರಿಯಾದರು. ಏನೂ ಆಗಿರಲಿಲ್ಲ. ವಾಲಿಬಾಲ್ ಆಡುವಾಗ ಮುರಿದಿದ್ದ ಮೇಷ್ಟ್ರ ಹೆಬ್ಬೆರಳು ಮಡಚುವುದಿಲ್ಲ. ಆ ಬೆರಳಿಗೆ ಒಗ್ಗುವ ಚಾಕು ಯಾವುದು ಎಂದು ಇವನು ನೋಡುತ್ತಿದ್ದ. ನನಗೆ ತಲೆ ಚಿಟ್ಟು ಹಿಡಿಯುವ ಹೊತ್ತಿಗೆ ಒಂದು ಬೀಟೆ ಹಿಡಿಯದು ಸಿಕ್ಕಿತು. ಹಿತ್ತಾಳೆಯ ಮೊಳೆ, ಬೆರಳುದ್ದದ ಅಲಗು. ಕಟ್ಟಿದ ಕೈಯಲ್ಲೂ ಸಲೀಸಾಗಿ ಬಿಚ್ಚಿಕೊಂಡಿತು.

ಸಾಹೇಬರು ಅದನ್ನು ಪೇಪರಿನಲ್ಲಿ ಸುತ್ತುವಾಗ ಇವನು ತಡೆದ. ಶನಿವಾರ ಕಬ್ಬಿಣ ಕೊಳ್ಳುವ ಹಾಗಿಲ್ಲವಂತೆ. ಬಸ್ಸು ಹತ್ತುವಾಗ ಯಾವ ವಾರ ಎಂದು ಹೊಳೆಯಲಿಲ್ಲವೇನಪ್ಪಾ ಮಹರಾಯ ಎಂದು ರೇಗಿದೆ. ಆರಿಸುವುದಕ್ಕೆ ದೋಷವಿಲ್ಲ, ಮನೆಗೆ ತರುವುದಕ್ಕಷ್ಟೇ ಎಂದು ಸಮಜಾಯಿಷಿ ಕೊಟ್ಟ. ಗಿರಾಕಿ ಬಂದ ದಿನವೇ ತನಗೆ ಒಳ್ಳೆಯ ದಿನ ಎಂದು ನಕ್ಕ ಸಾಹೇಬರು ಚಾಕುವನ್ನು ಎತ್ತಿಟ್ಟರು. ಆದರೆ ಅದು ಉಡುಗೊರೆಗೆ ಎಂದು ತಿಳಿದಾಗ ಅವರ ಮುಖ ಗಂಭೀರವಾಯಿತು.

"ನೋಡಿ ಅಣ್ಣ, ಚಾಕು ಕೈಯಿಂದ ಕೈಗೆ ಕೊಟ್ರೆ ಮನಸ್ತಾಪ ಆಗ್ತದೆ ಅಂತಾರೆ. ನಮ್ಮ ಮನೇಲೂ ಹೆಂಗಸರು ಒಪ್ಪಲ್ಲ."

ಇವನಿಗೆ ಅದು ಗೊತ್ತಿರದ ವಿಷಯವಲ್ಲ. ಉಪ್ಪು, ಮೆಣಸಿನಕಾಯಿ, ಕಬ್ಬಿಣವನ್ನು ಯಾರ ಕೈಗೂ ಕೊಡದೆ ಕೆಳಗಿಟ್ಟೇ ಕೊಡುವ ಮನೆಯಿಂದ ಬಂದವನು. ಬುತ್ತಿ ತಿನ್ನುವಾಗ ಮೇಷ್ಟ್ರ ಚಾಕುವನ್ನೂ ಡಬ್ಬಿಯ ಮುಚ್ಚಳದ ಮೇಲೆ ಇಡಿಸಿಕೊಂಡೇ ತೆಗೆದುಕೊಳ್ಳುತ್ತಿದ್ದ. ಆದರೂ ವಾಪಸು ಬರುವಾಗ ಹೆಬ್ಬೂರು ದಾಟುವವರೆಗೆ ಕರವಸ್ತ್ರವನ್ನು ಹೆಬ್ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದ. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದ.

"ಮೇಡಂ, ನಾನು ಕಳಿಸಿಕೊಟ್ಟೋರು ಒಬ್ರೂ ತಿರುಗಿ ಬಂದಿಲ್ಲ. ಬರದೇ ಇದ್ರೆ ಇರ್ಲಿ ಬುಡಿ. ಇವ್ರೊಬ್ರನ್ನ ಕಳ್ಕೊಂಡ್ರೆ ನಂಗೆ ಆಗಲ್ಲ."

ಸೋಮವಾರ ಅರ್ಧ ದಿನ ರಜೆ ಹಾಕಿ ಹೋಗಿ ಚಾಕು ತಂದ.

ತಿಂಗಳ ಕೊನೆಯ ದಿನ ಬೀಳ್ಕೊಡುಗೆ ನಡೆಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಎಂದಿನಂತೆ. ಮೇಷ್ಟ್ರು ಪೇಟ ಜಾರದಂತೆ ಕತ್ತು ನೆಟ್ಟಗೆ ಮಾಡಿ ಕೂತಿದ್ದರು. ಕಡೆಯಲ್ಲಿ ಹನುಮಂತರಾಜು ವೇದಿಕೆ ಹತ್ತಿದ. ಒಗೆದ ಬಿಳಿ ಅಂಗಿ ಹಾಕಿದ್ದ. ಚಾಕುವನ್ನು ಮೇಷ್ಟ್ರ ಮುಂದಿನ ಮೇಜಿನ ಮೇಲಿಟ್ಟು, ಕೈಮುಗಿದು ಒಂದು ಹೆಜ್ಜೆ ಹಿಂದೆ ಸರಿದ. ಕೈಗೆ ಕೊಡಿ, ಫೋಟೋ ಬರಬೇಕು ಎಂದು ಫೋಟೋದವನು ಕೂಗಿದ. ಇವನು ಅಲುಗಲಿಲ್ಲ. ಉಡುಗೊರೆಯನ್ನು ಹೀಗೆ ಮೇಜಿನ ಮೇಲೆ ಒಗೆದು ಹೋಗುವುದೇ ಎಂದು ಹೆಡ್‌ಮೇಷ್ಟ್ರು ಗೊಣಗಿದರು.

ಅಂಜನಮೂರ್ತಿಯವರು ಚಾಕುವನ್ನು ನೋಡಿದರು. ಬೀಟೆಯ ಹಿಡಿ, ಹಿತ್ತಾಳೆಯ ಮೊಳೆ ಎಲ್ಲವನ್ನೂ ನೋಡಿದರು. ಆದರೆ ಎತ್ತಿಕೊಳ್ಳಲಿಲ್ಲ. ಬಲಗೈ ಮುಂದೆ ಚಾಚಿದರು.

"ಕೈಗೆ ಕೊಡು, ರಾಜು."

"ಬ್ಯಾಡಿ ಮೇಷ್ಟ್ರೇ, ಅಲ್ಲಿಂದ್ಲೇ ತಗೊಳ್ಳಿ. ಕೈಗೆ ಕೊಟ್ರೆ ಜಗಳ ಆಗ್ತದೆ."

"ಆಗ್ಲಿ ಬುಡೋ. ಜಗಳ ಆಡೋಕಾದ್ರೂ ಗುಬ್ಬಿಗೆ ಬರ್ತೀಯಲ್ಲ."

ಹನುಮಂತರಾಜು ಚಾಕುವನ್ನು ಮೇಜಿನಿಂದ ಎತ್ತಿ ಅವರ ಅಂಗೈಯಲ್ಲಿಟ್ಟ. ಇಟ್ಟ ಮೇಲೂ ತನ್ನ ಕೈ ತೆಗೆಯಲಿಲ್ಲ.