ಕಿಟಕಿಕಟ್ಟೆಯ ಪಿಂಗಾಣಿ ಲೋಟ

ಆ ವರ್ಷ ದೋಹಾದಲ್ಲಿ ಎಲ್ಲಿ ನೋಡಿದರೂ ಬಾವುಟಗಳು. ಫುಟ್‌ಬಾಲ್ ವಿಶ್ವಕಪ್ ಅಂತ ಶಾಲೆಗಳಿಗೆ ಉದ್ದನೆಯ ರಜೆ ಕೊಟ್ಟುಬಿಟ್ಟಿದ್ದರು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಎರಡು ರೂಮಿನ ಫ್ಲ್ಯಾಟಿನಲ್ಲಿ ಹತ್ತು ವರ್ಷದ ಮಗಳನ್ನು ಇಡೀ ದಿನ ಸಂಭಾಳಿಸುವುದು ಅಂದರೆ ಕುಕ್ಕರಿನ ಮುಚ್ಚಳವನ್ನು ಕೈಯಲ್ಲಿ ಅದುಮಿ ಹಿಡಿದ ಹಾಗೆ. ಎದುರು ಫ್ಲ್ಯಾಟಿಗೆ ಹೊಸದಾಗಿ ಬಂದಿದ್ದ ಅಮೆರಿಕದ ಡ್ರಾಯಿಂಗ್ ಟೀಚರು ಒಂದು ದಿನ ಲಿಫ್ಟಿನಲ್ಲಿ ಮಗಳ ಕೈಯಲ್ಲಿದ್ದ ಬಣ್ಣದ ಪೆನ್ಸಿಲು ನೋಡಿ, "ನನಗೂ ರಜೆ. ನನ್ನ ಹತ್ತಿರ ಕಳಿಸಿ ಸಿಸ್ಟರ್, ಏನಾದರೂ ಮಾಡಿಸ್ತೀನಿ" ಅಂದರು. ಕೇಳದೆ ಬಂದ ಇಂಥ ಸಣ್ಣ ಸಣ್ಣ ಉಪಕಾರಗಳನ್ನು ನಾನು ಸಂಜೆ ದೀಪ ಹಚ್ಚುವಾಗ ದೇವರಿಗೆ ಒಪ್ಪಿಸುತ್ತೇನೆ. ಅವತ್ತು ಅದನ್ನೂ ಒಪ್ಪಿಸಿದೆ.

ಅವರು ಕಪ್ಪು ಅಮೆರಿಕನ್ನರು. ಎತ್ತರದ ಹೆಂಗಸು, ಒಬ್ಬರೇ ಇದ್ದರು, ನಗು ಶುರುವಾದರೆ ಕಾರಿಡಾರಿನ ಆ ತುದಿಗೆ ಕೇಳಿಸುತ್ತಿತ್ತು. ಮೊದಲ ದಿನವೇ ಕೇಳಿದರು, "ಮಗು ಏನು ತಿನ್ನಬಹುದು, ಏನು ತಿನ್ನಬಾರದು?" ಮಾಂಸ, ಮೊಟ್ಟೆ ಏನೂ ಇಲ್ಲ ಅಂದೆ. ಮಾರನೆಯ ದಿನ ಅವರು ಒಂದು ಹೊಸ ಪ್ಯಾನು ಕೊಂಡು ತಂದರು. ಅದರ ಹಿಡಿಗೆ ಹಸಿರು ಟೇಪು ಸುತ್ತಿ, ಮಗಳಿಗೆ ತೋರಿಸಿ ಹೇಳಿದರಂತೆ: "ಇದು ನಿನ್ನದು ಬೇಬಿ. ಇದರಲ್ಲಿ ನನ್ನ ಕೋಳಿ ಎಂದೂ ಕಾಲಿಡಲ್ಲ." ಮಗಳು ಬಂದು ಹೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ನಮ್ಮವರೇ ಎಷ್ಟೋ ಜನ ಇಷ್ಟು ಯೋಚನೆ ಮಾಡುವುದಿಲ್ಲ.

ಸಂಜೆ ಮಗಳನ್ನು ಬಿಡಲು ಬಂದವರು ನಮ್ಮ ಫಿಲ್ಟರ್ ಕಾಫಿಗೆ ಕೂರುವುದು ರೂಢಿಯಾಯಿತು. ಮೊದಲ ಸಂಜೆ ಸ್ಟ್ಯಾಂಡಿನಿಂದ ಸ್ಟೀಲಿನ ಲೋಟ ತೆಗೆದುಕೊಳ್ಳಲು ಹೋದ ನನ್ನ ಕೈ ಅಲ್ಲೇ ನಿಂತಿತು. ಯಾರೋ ಯಾವಾಗಲೋ ಉಡುಗೊರೆ ಕೊಟ್ಟಿದ್ದ ನೀಲಿ ಹೂವಿನ ಪಿಂಗಾಣಿ ಲೋಟವೊಂದು ಕಪಾಟಿನ ಹಿಂದೆ ಬಿದ್ದಿತ್ತು. ಅದನ್ನು ತೊಳೆದು ಅದರಲ್ಲಿ ಕೊಟ್ಟೆ. ಅವರು ಹೋದ ಮೇಲೆ ಅದನ್ನು ಬೇರೆ ಸ್ಪಂಜಿನಲ್ಲಿ ತಿಕ್ಕಿ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ, ಬಟ್ಟೆ ಒಗೆಯುವ ಪೌಡರಿನ ಪಕ್ಕ ಇಟ್ಟೆ. ದಿನಾ ಅದೇ ಲೋಟ, ದಿನಾ ಅದೇ ಜಾಗ.

ನಮ್ಮ ಯಜಮಾನರು ನೋಡಿ ಕೆಣಕಿದರು. "ಏನೇ, ನಿನ್ನ ಮಡಿಗೂ ಇಲ್ಲಿ ವೀಸಾ ಕೊಟ್ಟಿದ್ದಾರಾ?"

"ಸುಮ್ನಿರಿ. ಅವರು ಎಲ್ಲಾ ಥರದ ಮಾಂಸ ತಿನ್ನೋರು. ನಮ್ಮ ಸ್ಟೀಲಿನ ಲೋಟದಲ್ಲಿ ತಾನೇ ನಾಳೆ ದೇವರಿಗೆ ಹಾಲು ಇಡೋದು ನಾನು?"

"ಮೇಲಿನ ಮನೆಯಾಕೆ ಮೀನುಸಾರು ಮಾಡಿದ ಕೈಯಲ್ಲೇ ಬಂದು ನಮ್ಮ ಲೋಟದಲ್ಲಿ ಕುಡೀತಾರಲ್ಲ, ಅದು?"

"ಅವರು ಕೇರಳದವರು. ಅದು ಬೇರೆ."

ಹೇಗೆ ಬೇರೆ ಅಂತ ಅವರು ಕೇಳಲಿಲ್ಲ. ಟಿವಿಯಲ್ಲಿ ಮ್ಯಾಚು ಶುರುವಾಗಿತ್ತು. ಊಟದ ಮೇಜಿನಲ್ಲಿ ಚಿತ್ರ ಬರೆಯುತ್ತಿದ್ದ ಮಗಳು ಮಾತ್ರ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ಬಗ್ಗಿದಳು.

ವಿಶ್ವಕಪ್ ಮುಗಿಯಿತು, ಬಂದ ಜನ ಹೋದರು. ಡಿಸೆಂಬರಿನ ಕೊನೆಯ ವಾರ ಟೀಚರು ನಮ್ಮನ್ನು ಹತ್ತಿರದ ಸಾಂಸ್ಕೃತಿಕ ಕೇಂದ್ರಕ್ಕೆ ಕರೆದರು. ಅವರ ಜನ ವರ್ಷದ ಕೊನೆಯಲ್ಲಿ ಏಳು ದಿನ ಆಚರಿಸುವ ಕ್ವಾನ್ಜಾ ಅನ್ನುವ ಹಬ್ಬವಂತೆ. ದೇವರ ಹಬ್ಬವಲ್ಲ, ಹಿರಿಯರನ್ನೂ ಬೆಳೆಯನ್ನೂ ನೆನೆಯುವ ಹಬ್ಬ ಅಂದರು. ಮಕ್ಕಳಿಗೆ ಮಣಿ ಪೋಣಿಸುವುದು, ಕಾಗದದ ಚಾಪೆ ಹೆಣೆಯುವುದು, ಡೋಲು ಬಾರಿಸುವುದು ಎಲ್ಲ ಇತ್ತು. ನನಗೆ ಬಾಗಿಲಲ್ಲಿ ರಂಗೋಲಿ ಬಿಡುವ ಕೆಲಸ. ಯಜಮಾನರಿಗೆ ಆಫೀಸಿತ್ತು. ನಾನೂ ಮಗಳೂ ಹೋದೆವು.

ಕೇಂದ್ರದ ಹಾಲಿನ ಗೋಡೆಯ ಮೇಲೆ ವಿಶ್ವಕಪ್ಪಿನ ಬಾವುಟದ ಮಾಲೆ ಇನ್ನೂ ಇಳಿಬಿದ್ದಿತ್ತು. ನಡುವೆ ಮೇಜಿನ ಮೇಲೆ ಹುಲ್ಲಿನ ಚಾಪೆ. ಅದರ ಮೇಲೆ ಹಣ್ಣು, ಕೆಂಪು ಕಪ್ಪು ಹಸಿರು ಮೇಣದಬತ್ತಿಗಳ ಸ್ಟ್ಯಾಂಡು, ಒಂದು ದೊಡ್ಡ ಮರದ ಬಟ್ಟಲು, ಸಾಲಾಗಿ ಜೋಳದ ತೆನೆಗಳು. ಮನೆಯಲ್ಲಿ ಎಷ್ಟು ಮಕ್ಕಳೋ ಅಷ್ಟು ತೆನೆ ಇಡಬೇಕಂತೆ. ಟೀಚರು ಒಂದು ತೆನೆ ಎತ್ತಿ ಮಗಳಿಗೆ ತೋರಿಸಿದರು. "ನನ್ನ ಮನೆಯಲ್ಲಿ ಮಕ್ಕಳಿಲ್ಲ. ಇದು ನಿನಗೋಸ್ಕರ ಇಟ್ಟಿದ್ದು."

ಆಮೇಲೆ ಅವರಲ್ಲಿ ಹಿರಿಯರೊಬ್ಬರು ಚೊಂಬಿನಿಂದ ಒಂದು ಗಿಡದ ಬುಡಕ್ಕೆ ನೀರು ಬಿಡುತ್ತಾ ಬಂದರು. ಒಬ್ಬೊಬ್ಬರೂ ತೀರಿಹೋದ ತಮ್ಮವರನ್ನು ಕೂಗಿ ಕರೆಯುತ್ತಿದ್ದರು, ಒಂದೊಂದು ಹೆಸರಿಗೂ ನೀರು ಬೀಳುತ್ತಿತ್ತು. ನನಗೆ ಮೈ ಜುಮ್ಮೆಂದಿತು. ತರ್ಪಣವಲ್ಲವೇ ಇದು! ನಮ್ಮಲ್ಲಿ ಹೆಂಗಸರು ಬಿಡುವ ಹಾಗಿಲ್ಲ. ಅಮ್ಮ ಹೋದಾಗ ತಮ್ಮ ನೀರು ಬಿಟ್ಟ, ನಾನು ದೂರದಲ್ಲಿ ನಿಂತು ನೋಡಿದ್ದೆ. ಟೀಚರು ನನ್ನ ಮೊಣಕೈ ತಟ್ಟಿ, "ನಿನ್ನವರು ಯಾರಿದ್ದಾರೆ, ಕರಿ" ಅಂದರು. "ಅಮ್ಮ" ಅಂದೆ. ಅಷ್ಟೇ ಬಂತು ಬಾಯಿಂದ. ಅಲ್ಲಿದ್ದವರೆಲ್ಲ ಓಗೊಟ್ಟರು, ಗಿಡದ ಬುಡಕ್ಕೆ ನೀರು ಬಿತ್ತು. ಪರದೇಶದಲ್ಲಿ, ಪರಜನರ ನಡುವೆ, ನನ್ನ ಅಮ್ಮನಿಗೆ ನನ್ನ ಕಡೆಯಿಂದ ನೀರು ಸಿಕ್ಕಿತು. ಇಂಥ ಪುಣ್ಯ ಎಲ್ಲಿಟ್ಟಿರುತ್ತಾನೆ ದೇವರು ಅಂತ ಯಾರಿಗೆ ಗೊತ್ತು.

ಅಲ್ಲಿಗೇ ಮುಗಿದಿದ್ದರೆ ನಾನು ಇವತ್ತಿಗೂ ತಲೆ ಎತ್ತಿಕೊಂಡು ಆ ದಿನವನ್ನು ನೆನೆಯುತ್ತಿದ್ದೆ.

ಟೀಚರು ಮೈಕು ಹಿಡಿದರು. ಒಗ್ಗಟ್ಟಿನ ಬಗ್ಗೆ ಎರಡು ಮಾತು ಅಂದವರು ನನ್ನ ಕಡೆ ಕೈ ಚಾಚಿದರು. "ನನ್ನ ಎದುರುಮನೆಯವಳು. ಅವಳ ಮಗಳಿಗೆ ಅಂತ ನನ್ನ ಮನೆಯಲ್ಲಿ ಒಂದು ಪ್ಯಾನು ಬೇರೆ ಇಟ್ಟಿದ್ದೇನೆ. ನನಗೆ ಅಂತ ಅವಳು ತನ್ನ ಮನೆಯಲ್ಲಿ ಒಂದು ಲೋಟ ಬೇರೆ ಇಟ್ಟಿದ್ದಾಳೆ. ನೀಲಿ ಹೂವಿನ ಲೋಟ. ಅವಳ ಗಂಡನೂ ಮುಟ್ಟುವ ಹಾಗಿಲ್ಲ, ಗೊತ್ತಾ? ಅವರೆಲ್ಲ ಕುಡಿಯೋದು ಸ್ಟೀಲಿನಲ್ಲಿ. ಪಿಂಗಾಣಿ ನನಗೊಬ್ಬಳಿಗೆ! ನನ್ನ ಊರಿನಿಂದ ಇಷ್ಟು ದೂರ ಬಂದು, ಒಬ್ಬರ ಅಡುಗೆಮನೆಯಲ್ಲಿ ನನ್ನದು ಅನ್ನುವ ಒಂದು ವಸ್ತು ಇದೆ ಅಂದರೆ ಇನ್ನೇನು ಬೇಕು?"

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕಾಲ ಕೆಳಗಿನ ಕಾರ್ಪೆಟ್ಟು ಬಿಸಿಯಾದ ಹಾಗಾಯಿತು. ಮಗಳ ಕಡೆ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ.

ಆಗಲೇ ಒಗ್ಗಟ್ಟಿನ ಗುರುತಾಗಿ ನೀರು ತುಂಬಿದ ಮರದ ಬಟ್ಟಲು ಸುತ್ತು ಬಂತು. ಒಬ್ಬರು ಒಂದು ಗುಟುಕು ಕುಡಿದು ಪಕ್ಕದವರಿಗೆ ಕೊಡಬೇಕು. ಬೇಡ ಅನ್ನುವವರು ಸುಮ್ಮನೆ ತುಟಿಯ ಹತ್ತಿರ ಹಿಡಿದು ದಾಟಿಸಬಹುದು ಅಂತಲೂ ಹೇಳಿದ್ದರು. ಟೀಚರು ಕುಡಿದು ನನಗೆ ಕೊಟ್ಟರು. ಕುಡಿಯಬೇಕು, ಇವತ್ತಾದರೂ ಕುಡಿಯಬೇಕು ಅಂತಲೇ ಬಟ್ಟಲು ಹಿಡಿದೆ. ಆದರೆ ಹುಟ್ಟಿದಾಗಿನಿಂದ ಕಲಿತ ಕೈ ಅದು. ತಾನಾಗಿ ಮೇಲೆದ್ದಿತು. ಕತ್ತೆತ್ತಿ, ತುಟಿಗೆ ತಾಗಿಸದೆ, ನೀರನ್ನು ಮೇಲಿನಿಂದ ಗಂಟಲಿಗೆ ಸುರಿದುಕೊಂಡೆ. ಒಂದು ಹನಿ ಚೆಲ್ಲಲಿಲ್ಲ.

ಯಾರೋ "ವಾವ್!" ಅಂದರು. ಮತ್ತೆ ಚಪ್ಪಾಳೆ, ಶಿಳ್ಳೆ.

"ನೋಡಿದ್ರಾ ನನ್ನ ಸಿಸ್ಟರ್‌ನ!" ಟೀಚರು ಕುಣಿದುಬಿಟ್ಟರು. "ಇನ್ನೊಂದ್ಸಲ ಮಾಡು! ಮಕ್ಕಳಿಗೂ ಕಲಿಸು!"

ಮಕ್ಕಳೆಲ್ಲ ಬಾಟಲಿ, ಪೇಪರ್ ಲೋಟ ಹಿಡಿದು ಓಡಿಬಂದರು. ಕತ್ತೆತ್ತಿ ಸುರಿದುಕೊಂಡು ಮೂಗಿಗೆ ನೀರು ಏರಿಸಿಕೊಂಡರು, ಅಂಗಿ ನೆನೆಸಿಕೊಂಡರು. ಬಣ್ಣದ ರುಮಾಲು ಸುತ್ತಿದ ಒಬ್ಬ ಅಜ್ಜಿ ನಕ್ಕು ನಕ್ಕು ನನ್ನ ಹೆಗಲಿಗೆ ಒರಗಿದರು. ಇದು ಯಾಕೆ ಹೀಗೆ ಕುಡಿಯುವುದು ಅಂತ ಅವರು ಕೇಳಿದರು. "ಮುಂದಿನವರಿಗೆ ನಮ್ಮ ಎಂಜಲು ಆಗಬಾರದು, ಅವರಿಗೆ ಮರ್ಯಾದೆ" ಅಂದೆ. "ಎಷ್ಟು ಚೆಂದ!" ಅಂದರು. ಸುಳ್ಳಲ್ಲ ಅದು. ನಮ್ಮಜ್ಜಿ ನನಗೆ ಹೇಳಿಕೊಟ್ಟದ್ದೂ ಹಾಗೆಯೇ. ಆದರೆ ಹಿಂದಿನವರ ಎಂಜಲು ನನಗೆ ತಾಗಬಾರದು ಅನ್ನುವ ಅರ್ಧವನ್ನು ನಾನು ಬಾಯಲ್ಲೇ ಇಟ್ಟುಕೊಂಡೆ.

ಮನೆಗೆ ನಡೆದು ಬರುವಾಗ ಮಗಳು ತನ್ನ ತೆನೆಯನ್ನು ಎದೆಗೆ ಅವಚಿಕೊಂಡಿದ್ದಳು.

"ಅಮ್ಮಾ, ಆಂಟಿಗೆ ಗೊತ್ತಿಲ್ಲ."

"ಏನು?"

"ಆ ಲೋಟ ಯಾಕೆ ಅಂತ. ಅವರು ಸ್ಪೆಷಲ್ ಅಂದ್ಕೊಂಡಿದ್ದಾರೆ."

ನಾನು ಹೆಜ್ಜೆ ಬಿರುಸು ಮಾಡಿದೆ. "ನಾನು ಹೇಳಲ್ಲ," ಅಂದಳು. "ನಂಗೆ ನಾಚಿಕೆ ಆಗತ್ತೆ." ಅವಳ ಕನ್ನಡ ಅಷ್ಟಕ್ಕಷ್ಟೇ. ಆ ಮಾತು ಮಾತ್ರ ತಪ್ಪಿಲ್ಲದೆ ಬಂತು.

ಆ ವಾರ ಟೀಚರು ಹಬ್ಬದ ಓಡಾಟದಲ್ಲಿದ್ದರು, ನಮ್ಮ ಮನೆಗೆ ಬರಲಿಲ್ಲ. ಅದೂ ಒಂದು ಉಪಕಾರ ಅಂದುಕೊಂಡೆ. ಪಿಂಗಾಣಿ ಲೋಟವನ್ನು ಕಿಟಕಿಯಿಂದ ತೆಗೆದು ಕಪಾಟಿನೊಳಗೆ ತಳ್ಳಿದೆ. ಇನ್ನು ಮುಂದೆ ಎಲ್ಲರಿಗೂ ಒಂದೇ ಲೋಟ, ಯಾರಿಗೂ ಏನೂ ಹೇಳುವ ಅಗತ್ಯವಿಲ್ಲ, ಮುಗಿಯಿತು. ಹಾಗೆ ಲೆಕ್ಕ ಹಾಕಿದ್ದೆ. ಹೊಸ ವರ್ಷ ಕಳೆದು ಅವರು ಬಂದಾಗ ನಮ್ಮ ಸ್ಟೀಲಿನ ಲೋಟದಲ್ಲಿ, ಬಟ್ಟಲಿನ ಸಮೇತ, ನೊರೆ ಉಕ್ಕಿಸಿ ಕಾಫಿ ಕೊಟ್ಟೆ.

ಅವರು ಲೋಟ ನೋಡಿದರು, ಕಿಟಕಿ ನೋಡಿದರು. ಮುಖ ಸಣ್ಣದಾಯಿತು.

"ನನ್ನ ಲೋಟ ಎಲ್ಲಿ?"

ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ.

"ಒಡೆದುಹೋಯ್ತಾ? ಅಯ್ಯೋ, ಅದಕ್ಕೆ ಯಾಕೆ ಇಷ್ಟು ಬೇಜಾರು? ಅಂಥದ್ದೇ ಇನ್ನೊಂದು ನಾನೇ ತಂದುಕೊಡ್ತೀನಿ."

ಹೌದು ಅಂದಿದ್ದರೆ ಆಗುತ್ತಿತ್ತು. ಅವರೇ ಸುಳ್ಳನ್ನು ಕೈಗೆ ಕೊಟ್ಟಿದ್ದರು. ಆದರೆ ಅವರು ಅಂಗಡಿ ಅಂಗಡಿ ಹುಡುಕಿ ನೀಲಿ ಹೂವಿನ ಲೋಟ ತಂದು, ಅದನ್ನು ನಾನು ಮತ್ತೆ ಆ ಕಿಟಕಿಯಲ್ಲಿ ಇಡುವುದನ್ನು ನೆನೆಸಿಕೊಂಡೆ. ಕಪಾಟು ತೆಗೆದು ಲೋಟವನ್ನು ಮೇಜಿನ ಮೇಲಿಟ್ಟೆ. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಇದು ಪ್ರೀತಿಗೆ ಬೇರೆ ಇಟ್ಟದ್ದಲ್ಲ. ನಮ್ಮ ಲೋಟಕ್ಕೆ ನಿಮ್ಮ ಬಾಯಿ ತಾಗಬಾರದು ಅಂತ ಇಟ್ಟದ್ದು. ನಮ್ಮಲ್ಲಿ ಶುದ್ಧ ಅಂತ ಒಂದಿದೆ, ಮಾಂಸ ತಿನ್ನುವವರಿಗೆ...

ಅವರು ಕೈ ಎತ್ತಿ ತಡೆದರು. "ಮೇಲಿನ ಮನೆಯವರು ಮೀನು ತಿಂತಾರಲ್ಲ?"

"ತಿಂತಾರೆ."

"ಅವರಿಗೆ ಯಾವುದರಲ್ಲಿ ಕೊಡ್ತೀಯ?"

ಸ್ಟೀಲಿನ ಲೋಟವನ್ನು ತೋರಿಸಿದೆ. ನಮ್ಮ ಯಜಮಾನರು ಕೇಳದೆ ಬಿಟ್ಟ ಪ್ರಶ್ನೆ ಅದು. ನಾನೂ ನನ್ನನ್ನು ಕೇಳಿಕೊಳ್ಳದೆ ಬಿಟ್ಟದ್ದು. ದೇವರ ಹಾಲು, ಮಡಿ, ಮಾಂಸ ಎಲ್ಲ ಆ ಒಂದು ಪ್ರಶ್ನೆಗೆ ಪಕ್ಕಕ್ಕೆ ಸರಿದು ನಿಂತವು. ಅಲ್ಲಿ ಉಳಿದದ್ದು ಅವರ ಮೈಬಣ್ಣ, ನನ್ನ ಅಸಹ್ಯ.

ಅವರು ಕಾಫಿಯನ್ನು ಕೊನೆಯ ಗುಟುಕಿನವರೆಗೂ ನಿಧಾನವಾಗಿ ಕುಡಿದರು. ಎದ್ದು ಹೋಗಿ ಸಿಂಕಿನಲ್ಲಿ ಸ್ಟೀಲಿನ ಲೋಟ, ಬಟ್ಟಲು ತಾವೇ ತೊಳೆದು ನಮ್ಮ ಲೋಟಗಳ ಸಾಲಿನಲ್ಲೇ ಬೋರಲು ಹಾಕಿದರು. ಮೇಜಿನ ಮೇಲಿದ್ದ ಪಿಂಗಾಣಿ ಲೋಟವನ್ನು ಕೈಗೆ ತೆಗೆದುಕೊಂಡರು.

"ಇದು ನನ್ನದು ತಾನೇ?" ಅಂದರು. ಹೊರಟುಹೋದರು.

ಆಮೇಲೆ ಅವರು ಕಾಫಿಗೆ ಬರಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಹೇಗಿದ್ದೀ ಅನ್ನುತ್ತಾರೆ, ಸಿಸ್ಟರ್ ಅನ್ನುವುದಿಲ್ಲ. ದೇವರ ಮುಂದೆ ನಾನು ಬೇಡಿದ್ದು ಒಂದೇ, ನನ್ನ ಮೇಲಿನ ಸಿಟ್ಟಿಗೆ ಮಗಳಿಗೆ ಬಾಗಿಲು ಮುಚ್ಚದಿರಲಿ ಅಂತ. ವಾರದ ರಜೆಯ ಮೊದಲ ಶುಕ್ರವಾರ ಮಗಳು ಹೋಗಿ ಬೆಲ್ ಒತ್ತಿದಾಗ ನಾನು ನಮ್ಮ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದೆ. ಆ ಕಡೆ ಬಾಗಿಲು ತೆಗೆಯಿತು. "ಬಾ ಬೇಬಿ" ಅಂದದ್ದು ಕೇಳಿಸಿತು.

ಮಧ್ಯಾಹ್ನ ಮಗಳು ಕೈಗೆಲ್ಲ ಬಣ್ಣ ಮೆತ್ತಿಕೊಂಡು ಬಂದಳು. ತಡೆಯಲಾರದೆ ಕೇಳಿದೆ, "ಆ ಲೋಟ ಇದೆಯೇನೇ ಅಲ್ಲಿ?"

"ಇದೆ. ಬ್ರಷ್ ತೊಳೆಯೋ ನೀರು ಹಾಕ್ಕೊಂಡಿದ್ದಾರೆ."

ನಾನು ಹಿಟ್ಟು ನಾದುವುದಕ್ಕೆ ತಿರುಗಿದೆ. ಅವಳು ಹಿಂದಿನಿಂದ ಬಂದು ಗಲ್ಲವನ್ನು ನನ್ನ ತೋಳಿಗೆ ಒತ್ತಿದಳು.

"ನನ್ನ ಪ್ಯಾನಿನ ಟೇಪ್ ಕಿತ್ತುಹೋಗಿತ್ತಮ್ಮಾ," ಅಂದಳು. "ಹೊಸದು ಸುತ್ತಿದ್ರು."