ಯಾವ ರಾಸ್?

ಇವತ್ತು ಬೆಳಿಗ್ಗೆ ಇಲ್ಲಿ ಗಲ್ಫಿನಲ್ಲಿ, ಅಲ್ ಹಿಲಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ, ಉಪ್ಪಿಟ್ಟಿನ ಒಗ್ಗರಣೆಯ ಘಾಟಿನ ನಡುವೆ, ಮಗಳು ಬಯಾಲಜಿ ಗಟ್ಟಿಯಾಗಿ ಓದುತ್ತಿದ್ದಳು. ‘ರಾಸ್ ಆನ್ ಆಗುತ್ತೆ’ ಅಂದಳು ನೋಡಿ, ನಾನು ಚಹಾ ಕುಡಿಯೋದನ್ನೇ ಬಿಟ್ಟೆ. ನಮಗೆ ರಾಸ್ ಅಂದರೆ ಒಂದೇ, ರಾಸ್ ಲಫಾನ್. ಅಲ್ಲಿನ ಗ್ಯಾಸ್ ಪ್ಲಾಂಟಿಗೆ ಇಪ್ಪತ್ತು ವರ್ಷ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿಬಂದವನು ನಾನು.

ಹೋದ ತಿಂಗಳು ಆಸ್ಪತ್ರೆಯಲ್ಲಿ ಹಮೀದ್ ಭಾಯಿ ಇದೇ ಮಾತಿಗೆ ಎಡವಿದ್ದರು. ಮಂಗಳೂರು ಕಡೆಯ ಬ್ಯಾರಿ, ನನ್ನ ಶಿಫ್ಟಿನವರು. ಅವರಿಗೆ ಕರುಳಿನ ಕ್ಯಾನ್ಸರ್. ಡಾಕ್ಟರು ಇಂಗ್ಲಿಷಿನಲ್ಲಿ, ರಾಸ್ ಟೆಸ್ಟ್ ಮಾಡಬೇಕು, ಅದು ಸರಿಯಿದ್ದರೆ ರಿಸೆಪ್ಟರ್ ಮುಚ್ಚುವ ಹೊಸ ಇಂಜೆಕ್ಷನ್ ಕೊಡಬಹುದು ಅಂದರು. ಭಾಯಿ ಎದೆಯುಬ್ಬಿಸಿ, “ರಾಸ್? ಟ್ವೆಂಟಿ ಇಯರ್ಸ್ ಸರ್, ನೋ ಆಕ್ಸಿಡೆಂಟ್!” ಅಂದುಬಿಟ್ಟರು. ಪಕ್ಕದಲ್ಲಿ ಕೂತ ನಾನೂ ಹೌದೆಂದು ತಲೆಯಾಡಿಸಿದೆ. ನಗಬೇಡಿ, ಎಂಥಾ ಶಾಣ್ಯಾರು ನಾವು!

ಭಾಯಿಯ ಕೆಲಸ ಏನು ಅಂತ ಹೇಳೋದು ಕಷ್ಟ. ಹೆಸರಿಗೆ ಹೆಲ್ಪರ್. ಸೂಪರ್‌ವೈಸರ್ ಅರಬ್ಬಿಯಲ್ಲಿ ಕೂಗಿದ್ದನ್ನು ಹಿಂದಿಗೆ, ಮಲಯಾಳಕ್ಕೆ, ನನ್ನ ಧಾರವಾಡದ ಕನ್ನಡಕ್ಕೆ ಇಳಿಸುತ್ತಿದ್ದರು.

“ಇಷ್ಟ್ ವರ್ಷದಾಗ ಒಂದ್ ನಟ್ಟರ ಬಿಗಿ ಮಾಡೀರೇನ್ರೀ ಭಾಯಿ?” ಅಂತ ನಾನು ಕಾಡುತ್ತಿದ್ದೆ.

“ನಾನು ಬಾಯಿ ಬಿಗಿ ಮಾಡಿದ್ರೆ ನಿಮ್ಮ ನಟ್ಟು ಎಲ್ಲಿ ಬಿಗಿಯಾಗುವುದು ಮಾರಾಯ್ರೇ?”

ಅವರು ಊರಿಗೆ ರಜೆ ಹೋದಾಗ ಗೊತ್ತಾಗುತ್ತಿತ್ತು. ಎಲ್ಲರ ಕೈಯಲ್ಲೂ ಸ್ಪ್ಯಾನರ್, ಯಾರಿಗೂ ಏನು ಮಾಡಬೇಕೆಂದು ತಿಳಿಯದು.

“ಪಪ್ಪಾ, ಇದು ಪ್ಲಾಂಟ್ ಅಲ್ಲ, ಪ್ರೋಟೀನ್,” ಮಗಳು ಪುಸ್ತಕ ತಿರುಗಿಸಿ ತೋರಿಸಿದಳು. ಜೀವಕೋಶದ ಹೊರಗೆ ‘ಬೆಳಿ’ ಅನ್ನುವ ಸಂದೇಶ ಬಂದು, ಕೋಶದ ಹೊದಿಕೆಯಲ್ಲಿ ಕೂತಿರುವ ರಿಸೆಪ್ಟರಿಗೆ ಅಂಟುತ್ತದಂತೆ. ಒಳಗೆ ಇಳಿಬಿದ್ದ ಅದರ ಬಾಲವನ್ನು ಅಡಾಪ್ಟರ್ ಎಂಬ ಪ್ರೋಟೀನು ಹಿಡಿದುಕೊಳ್ಳುತ್ತದೆ. ಅದರ ಇನ್ನೊಂದು ಕೈಯಲ್ಲಿ ರಾಸ್ ಎಂಬ ಸ್ವಿಚ್ ಒತ್ತುವವನಿರುತ್ತಾನೆ. ರಾಸ್ ಆನ್ ಆದರೆ ಕೋಶ ಒಂದಿದ್ದದ್ದು ಎರಡಾಗುತ್ತದೆ.

“ಅಂದ್ರ ಆ ಅಡಾಪ್ಟರ್ ತಾನs ಏನೂ ಮಾಡೂದಿಲ್ಲ?”

“ಏನೂ ಇಲ್ಲ. ಜಸ್ಟ್ ಹಿಡ್ಕೊಳ್ಳುತ್ತೆ. ಆದ್ರೆ ಅದಿಲ್ಲ ಅಂದ್ರೆ ಮೆಸೇಜ್ ಹೋಗಲ್ಲ.”

ಅಬ್ಬಾ! ನನ್ನ ಒಂದೊಂದು ಜೀವಕೋಶದೊಳಗೂ ಹಮೀದ್ ಭಾಯಿ ಇದ್ದಾರೆ, ನಾನು ಇಷ್ಟು ವರ್ಷ ನಟ್ಟಿನ ಲೆಕ್ಕ ಕೇಳುತ್ತಿದ್ದೆ. ನಾಚಿಕೆಯಾಯಿತು.

“ರಾಸೇ ಕೆಟ್ಟರ?”

“ಆಫ್ ಆಗಲ್ಲ ಪಪ್ಪಾ. ಆಗ ರಿಸೆಪ್ಟರ್ ಕ್ಲೋಸ್ ಮಾಡಿದ್ರೂ ಯೂಸ್ ಇಲ್ಲ.”

ಉಪ್ಪಿಟ್ಟಿನ ತಟ್ಟೆ ಸರಿಸಿ ಎದ್ದೆ. ಭಾಯಿಯ ರಿಪೋರ್ಟ್ ಇವತ್ತೇ ಬರುವುದಿತ್ತು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿ ಡಾಕ್ಟರು ಕಾಗದ ನೋಡಿ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ರಾಸ್ ಕೆಟ್ಟಿದೆ. ಆ ಇಂಜೆಕ್ಷನ್ ಉಪಯೋಗವಿಲ್ಲ, ಹಳೆಯ ಕೀಮೋವನ್ನೇ ಮುಂದುವರಿಸಬೇಕು, ಅದೂ ಎಷ್ಟು ಹಿಡಿಯುತ್ತದೋ ಹೇಳಲಾಗದು. ಆರು ಭಾಷೆ ಬಲ್ಲ ಭಾಯಿ, ಡಾಕ್ಟರ ಇಂಗ್ಲಿಷ್ ಪೂರ್ತಿ ಹಿಡಿಯದೆ, ನನ್ನ ಮುಖ ನೋಡಿದರು.

“ಇಂಜೆಕ್ಷನ್ ಸ್ವಲ್ಪ ತಡ ಆಗ್ತದಂತ್ರೀ,” ಅಂದೆ.

ಭಾಯಿ ನಕ್ಕರು. “ಮಾರಾಯ್ರೇ, ಆ ಸೂಪರ್‌ವೈಸರ್ ನಿಮ್ಮ ಅಪ್ಪನಿಂದ ಹಿಡಿದು ಬೈದದ್ದನ್ನೆಲ್ಲ ನಾನು ‘ಸ್ವಲ್ಪ ಬೇಗ ಮಾಡ್ಬೇಕಂತೆ’ ಅಂತ ಹೇಳ್ತಿದ್ದೆ. ನನಗೆ ಈ ವಿದ್ಯೆ ಗೊತ್ತುಂಟು. ನೀವು ಪೂರ್ತಿ ಹೇಳಿ.”

ಇಪ್ಪತ್ತು ವರ್ಷ ಆ ಸೂಪರ್‌ವೈಸರನ್ನು ಎಷ್ಟು ಸಭ್ಯ ಅಂದುಕೊಂಡಿದ್ದೆ! ನಗು ಬಂತು, ಅದರ ಹಿಂದೆಯೇ ಅಳು ಬಂತು. ಕಣ್ಣೊರೆಸಿಕೊಂಡು, ಮೊದಲಿನಿಂದ ಇನ್ನೊಮ್ಮೆ ಹೇಳಿ ಎಂದು ಡಾಕ್ಟರನ್ನು ಕೇಳಿದೆ. ಅವರು ಒಂದು ಮಾತು ಹೇಳಿ ನಿಲ್ಲಿಸುತ್ತಿದ್ದರು. ನಾನು ಅದನ್ನು ಇದ್ದಹಾಗೆ ಕನ್ನಡದಲ್ಲಿ ಭಾಯಿಗೆ ಹೇಳುತ್ತ ಹೋದೆ.